ಕೀವು ಕಟ್ಟದ ಸೋಂಕು

ಗಾಯವಾದ ಕಡೆ ಚರ್ಮ ಕೆಂಪೇರಿ, ಊದಿಕೊಂಡು, ಕೀವು ಕಟ್ಟುವುದನ್ನು ಯಾರು ತಾನೆ ಕಂಡಿಲ್ಲ? ಆ ಕೀವಿನ ಬಹುಭಾಗವು ಬ್ಯಾಕ್ಟೀರಿಯಗಳೊಡನೆ ಹೋರಾಡಿ ಮಡಿದ ಬಿಳಿಯ ರಕ್ತಕಣಗಳೇ ಆಗಿವೆ. ಇವುಗಳಿಗೆ ನ್ಯೂಟ್ರೊಫಿಲ್‌ಗಳೆಂದು ಹೆಸರು. ಮೂಳೆಗಳೊಳಗಿನ ಮಜ್ಜೆಯಲ್ಲಿ ಹುಟ್ಟುವ ಈ ಕಣಗಳ ಆಯುಸ್ಸು ಅತ್ಯಲ್ಪ. ಆದುದರಿಂದ ಮಜ್ಜೆಯು ದಿನವೊಂದಕ್ಕೆ ಸುಮಾರು 10,000 ಕೋಟಿ ಹೊಸ ಕಣಗಳನ್ನು ತಯಾರಿಸಬೇಕಾಗುತ್ತದೆ. ಕ್ಯಾನ್ಸರಿಗೆ ಕೊಡುವ ಪ್ರಬಲ ಔಷಧಗಳು ಈ ಕಾರ್ಯವನ್ನು ತಡೆದರೆ, ಕೆಲವು ದಿನಗಳಲ್ಲಿಯೇ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳ ಅಭಾವವುಂಟಾಗುತ್ತದೆ.

ಈ ಅಭಾವವನ್ನು ಅಳೆಯುವುದು ಹೇಗೆ? ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ ಶೇಕಡ ಪ್ರಮಾಣವನ್ನಷ್ಟೇ ನಂಬಿದರೆ ಮೋಸಹೋಗುವೆವು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 8,000 ಬಿಳಿಯ ಕಣಗಳಿದ್ದು, ಅವುಗಳಲ್ಲಿ ಶೇಕಡ 40 ನ್ಯೂಟ್ರೊಫಿಲ್‌ಗಳಾದರೆ ಅವುಗಳ ಸಂಖ್ಯೆ 3,200, ಭಯಕ್ಕೆ ಕಾರಣವಿಲ್ಲ. ಒಟ್ಟು ಕಣಗಳೇ 1,000 ಆಗಿದ್ದರೆ ಅದೇ ಶೇಕಡ 40 ಎಂಬುದು ಕೇವಲ 400 ಆಗುತ್ತದೆ. ವಯಸ್ಕರಲ್ಲಿ ಸಾಮಾನ್ಯವಾಗಿ 1,500ಕ್ಕಿಂತ ಕಡಮೆಯಾದರೆ ಕೊರತೆಯೆಂದೂ, 500ಕ್ಕಿಂತ ಕೆಳಗಿಳಿದರೆ ಗಂಡಾಂತರವೆಂದೂ ವೈದ್ಯರು ಎಣಿಸುತ್ತಾರೆ. ಸಂಖ್ಯೆ ಇಳಿದಷ್ಟೂ, ಇಳಿದ ಸ್ಥಿತಿ ದೀರ್ಘವಾದಷ್ಟೂ ಸೋಂಕಿನ ಭಯ ಹೆಚ್ಚುವುದೆಂಬುದನ್ನು 1966ರಲ್ಲಿ ಅಮೆರಿಕದ ಜೆರಾಲ್ಡ್ ಬೋಡಿ ಮತ್ತು ಅವರ ಸಹೋದ್ಯೋಗಿಗಳು ಲ್ಯೂಕೀಮಿಯ ರೋಗಿಗಳ ಅಧ್ಯಯನದಿಂದ ತೋರಿಸಿದರು. ಆದರೆ ಸಂಖ್ಯೆಯೊಂದೇ ಎಲ್ಲವನ್ನೂ ಹೇಳದು. ಆಫ್ರಿಕ ಮೂಲದ ಅನೇಕರಲ್ಲಿ ಅದು ಹುಟ್ಟಿನಿಂದಲೇ 1,500ಕ್ಕಿಂತ ತುಸು ಕಡಮೆಯಿದ್ದರೂ ಅವರು ಆರೋಗ್ಯವಂತರಾಗಿಯೇ ಇರುತ್ತಾರೆ.

ಈ ಕೊರತೆಯ ನಿಜವಾದ ಕುಟಿಲತೆ ಬೇರೊಂದಿದೆ. ಹೋರಾಡುವ ಕಣಗಳಿಲ್ಲದೆಡೆ ಕೀವೂ ಇಲ್ಲ. ಕೆಂಪು, ಬಾವುಗಳೂ ವಿರಳ. ಸೋಂಕು ಸದ್ದಿಲ್ಲದೆ ರಕ್ತವನ್ನು ಸೇರುತ್ತದೆ. ಅನೇಕ ವೇಳೆ ಜ್ವರವೊಂದೇ ಅದರ ಸುಳಿವು. ಇಂಥ ರೋಗಿಗೆ 38.3 ಡಿಗ್ರಿ ಸೆಂಟಿಗ್ರೇಡ್, ಎಂದರೆ ಸುಮಾರು 101 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಒಮ್ಮೆ ಬಂದರೂ, 38 ಡಿಗ್ರಿ ಒಂದು ಗಂಟೆ ಕಾಲ ನಿಂತರೂ ಅದನ್ನು ತುರ್ತು ಸ್ಥಿತಿಯೆಂದೇ ಭಾವಿಸಬೇಕು. ಜ್ವರದ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯುವುದು ಅಪಾಯಕರ. ಆಸ್ಪತ್ರೆಯಲ್ಲಿ ಬ್ಯಾಕ್ಟೀರಿಯದ ಪರೀಕ್ಷೆಗೆ ರಕ್ತವನ್ನು ತೆಗೆದುಕೊಂಡು, ಫಲಿತಾಂಶಕ್ಕೆ ಕಾಯದೆ, ಸಾಧ್ಯವಾದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ಕನ್ನು ಆರಂಭಿಸುತ್ತಾರೆ.

ಮಜ್ಜೆಯನ್ನು ಪ್ರಚೋದಿಸುವ ಫಿಲ್‌ಗ್ರಾಸ್ಟಿಮ್ ಎಂಬ ಔಷಧಕ್ಕೆ 1991ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಗತ್ಯವಿದ್ದವರಿಗೆ ಇದನ್ನು ಚುಚ್ಚುಮದ್ದಾಗಿ ಕೊಟ್ಟು ಕೊರತೆಯ ಅವಧಿಯನ್ನು ಮೊಟಕುಗೊಳಿಸುವರು. ಆದರೂ ಸಾಬೂನಿನಿಂದ ಕೈ ತೊಳೆಯುವುದು ಮತ್ತು ಉಷ್ಣಮಾಪಕವನ್ನು ಬಳಿಯಲ್ಲಿಟ್ಟುಕೊಳ್ಳುವುದು, ಈ ಎರಡು ಸರಳ ಅಭ್ಯಾಸಗಳ ಬೆಲೆ ಇಂದಿಗೂ ಕುಗ್ಗಿಲ್ಲ. ಕೀವು ಕಾಣಲಿಲ್ಲವೆಂಬುದು ಇಂಥ ರೋಗಿಗೆ ಕ್ಷೇಮದ ಗುರುತಲ್ಲ.