ಹಸಿದು ಬಂದವರ ಕೆಂಪು ಸಾಸ್

ಹುಳಿ ಅನ್ನುವವರ ಮನೆಯಲ್ಲಿ ಸಾಂಬಾರು ಎಂದರೆ ಅಜ್ಜಿ ಒಮ್ಮೆ ಕತ್ತೆತ್ತಿ ನೋಡುತ್ತಾರೆ. ಮಂಡ್ಯದ ಕಡೆ ಸಾರು ಎಂದರೆ ತಟ್ಟೆಗೆ ಬೀಳುವುದು ಒಂದು, ಮೈಸೂರಿನ ಅಗ್ರಹಾರದಲ್ಲಿ ಸಾರು ಎಂದರೆ ಬೀಳುವುದು ಇನ್ನೊಂದು. ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯಾ ಕಡೆಯ ಇಟಾಲಿಯನ್ ಮನೆಗಳಲ್ಲೂ ಇಂಥದೇ ಒಂದು ತಕರಾರು ತಲೆಮಾರುಗಳಿಂದ ನಡೆದುಬಂದಿದೆ. ಟೊಮೆಟೊ ಹಾಕಿ ಕುದಿಸಿದ ಆ ಕೆಂಪು ಪದಾರ್ಥವನ್ನು ಕೆಲವರು ಸಾಸ್ ಅನ್ನುತ್ತಾರೆ, ಕೆಲವರು ಗ್ರೇವಿ ಅನ್ನುತ್ತಾರೆ. ಮಾಂಸ ಬಿದ್ದರೆ ಗ್ರೇವಿ, ಬೀಳದಿದ್ದರೆ ಸಾಸ್ ಎಂದು ರಾಜಿ ಮಾಡಿಸುವವರೂ ಉಂಟು. ಹೆಸರು ಯಾವುದಾದರೂ ಅದು ಭಾನುವಾರದ ಅಡುಗೆ. ಆ ಭಾನುವಾರದ ಅಡುಗೆಯನ್ನು ವಾರದ ದಿನಗಳಲ್ಲೂ ಬಡಿಸುವ ಹಳೆಯ ಹೋಟೆಲುಗಳನ್ನು ಅಮೆರಿಕದಲ್ಲಿ ‘ರೆಡ್ ಸಾಸ್’ ರೆಸ್ಟೋರೆಂಟ್ ಎಂದೇ ಕರೆಯುತ್ತಾರೆ.

ಮ್ಯಾನ್‌ಹ್ಯಾಟನ್‌ನ ಈಸ್ಟ್ ವಿಲೇಜ್‌ನಲ್ಲಿ, 12ನೇ ಬೀದಿಯಲ್ಲಿ, ‘ಜಾನ್ಸ್’ ಎಂಬ ಅಂಥದೊಂದು ಹೋಟೆಲಿದೆ. 1908ರಲ್ಲಿ ಶುರುವಾದದ್ದು. ನ್ಯೂಜೆರ್ಸಿಯಲ್ಲಿ ಬಹಳ ವರ್ಷದಿಂದ ಇರುವ ಗೆಳತಿಯೊಬ್ಬಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅವಳು ಸಸ್ಯಾಹಾರಿ, ನಾನಲ್ಲ. “ಇಲ್ಲಿ ಇಬ್ಬರಿಗೂ ಊಟವಿದೆ, ಬಾ” ಎಂದಳು. ಒಳಗೆ ಮಂದ ಬೆಳಕು, ಹಳೇ ಕಾಲದ ಟೈಲ್ಸ್ ಹಾಕಿದ ನೆಲ, ಗೋಡೆಗಳ ಮೇಲೆ ಇಟಲಿಯ ಊರುಕೇರಿಯ ಚಿತ್ರಗಳು. ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಮೇಣದಬತ್ತಿಯ ಮೇಲೆ ಮೇಣದಬತ್ತಿ ಉರಿದು, ಕರಗಿದ ಮೇಣವೆಲ್ಲ ಹುತ್ತದ ಹಾಗೆ ಬೆಳೆದು ನಿಂತಿದೆ. ಅದರ ತುದಿಯಲ್ಲಿ ಇವತ್ತಿನ ದೀಪ ಉರಿಯುತ್ತಿತ್ತು.

ನನ್ನ ಮುಂದೆ ಬಂದದ್ದು ಸ್ಪಗೆಟಿ, ಅದರ ಮೇಲೆ ದಪ್ಪ ದಪ್ಪ ಮಾಂಸದುಂಡೆಗಳು, ಅವು ಮುಳುಗುವಷ್ಟು ಸಾಸ್. ಬೆಂಗಳೂರಿನ ಮಿಲಿಟರಿ ಹೋಟೆಲುಗಳ ಕೈಮಾ ಉಂಡೆ ತಿಂದು ಬೆಳೆದ ನನಗೆ ಉಂಡೆ ಹೊಸದಲ್ಲ, ಗಾತ್ರ ಹೊಸದು. ಇಟಲಿಯಿಂದಲೇ ಬಂದವರಿಗಾದರೆ ಈ ತಟ್ಟೆಯೇ ಹೊಸದು. ಅಲ್ಲಿ ಮಾಂಸದುಂಡೆ ಸಾಮಾನ್ಯವಾಗಿ ಚಿಕ್ಕದು, ಪಾಸ್ತಾ ತಿಂದು ಮುಗಿದ ಮೇಲೆ ಬೇರೆ ತಟ್ಟೆಯಲ್ಲಿ ಬರುವಂಥದ್ದು. ಎರಡನ್ನೂ ಒಂದರ ಮೇಲೊಂದು ರಾಶಿ ಹಾಕುವ ರೂಢಿ ಬೆಳೆದದ್ದು ಅಮೆರಿಕದಲ್ಲಿ. ಅದಕ್ಕೇ ‘ಇದು ನಿಜವಾದ ಇಟಾಲಿಯನ್ ಊಟವಲ್ಲ’ ಎಂದು ಮೂಗು ಮುರಿಯುವವರು ಬಹಳ. ಆ ಮಾತನ್ನು ನಾನು ಒಪ್ಪುವುದಿಲ್ಲ. ಉಂಡೆ ಯಾಕೆ ಇಷ್ಟು ದೊಡ್ಡದಾಯಿತು ಎಂದು ಕೇಳಿದರೆ ಉತ್ತರ ಹಸಿವಿನಲ್ಲಿದೆ.

1880ರಿಂದ 1924ರವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಬಂದರು. ಬಹುಪಾಲು ಜನ ದಕ್ಷಿಣದವರು. ಸಿಸಿಲಿ, ಕಲಾಬ್ರಿಯಾ, ಬಾಸಿಲಿಕಾಟಾ, ನೇಪಲ್ಸ್ ಸುತ್ತಲಿನ ಕಂಪಾನಿಯಾ ಪ್ರಾಂತ್ಯಗಳಲ್ಲಿ ಇನ್ನೊಬ್ಬರ ಜಮೀನಿನಲ್ಲಿ ದುಡಿದು ಬೇಸತ್ತವರು. ಊರಿನಲ್ಲಿ ಅವರ ಊಟವೆಂದರೆ ಒರಟು ಬ್ರೆಡ್ಡು, ಕಾಳು, ಹೊಲದ ಸೊಪ್ಪು. ಮಾಂಸದ ಮುಖ ಕಾಣುತ್ತಿದ್ದುದು ಹಬ್ಬಕ್ಕೆ. ಎಷ್ಟೋ ಮನೆಗಳಲ್ಲಿ ಗೋಧಿಯ ಪಾಸ್ತಾ ಕೂಡ ವಿಶೇಷದ ದಿನದ ಅಡುಗೆಯೇ. ಒಳ್ಳೆಯ ಆಲಿವ್ ಎಣ್ಣೆ, ಹದವಾಗಿ ಹಳತಾದ ಚೀಸ್ ಇವೆಲ್ಲ ಧಣಿಗಳ ಮನೆಯ ಪದಾರ್ಥ. ನ್ಯೂಯಾರ್ಕಿಗೆ ಬಂದು ಸುರಂಗ ತೋಡಿ, ಇಟ್ಟಿಗೆ ಹೊತ್ತು, ಬಟ್ಟೆ ಹೊಲಿದು ನಾಲ್ಕು ಕಾಸು ಕೈಗೆ ಬಂದಾಗ ಅವರು ಮೊದಲು ಕೊಂಡದ್ದು ಈ ಪದಾರ್ಥಗಳನ್ನೇ. ಮಾಂಸ ಇಲ್ಲಿ ಅಗ್ಗವಾಗಿತ್ತು. ಇಟಲಿಯ ಎಣ್ಣೆ, ಚೀಸ್, ಡಬ್ಬಿ ಟೊಮೆಟೊ ಹಡಗಿನಲ್ಲಿ ಬರುತ್ತಿದ್ದವು. ಹುಟ್ಟಿದ ಊರಿನಲ್ಲಿ ತಮ್ಮ ನಾಲಿಗೆಗೆ ಎಟುಕದೆ ಉಳಿದಿದ್ದ ರುಚಿಯನ್ನು ಅವರು ಸಮುದ್ರ ದಾಟಿ ಬಂದ ಮೇಲೆ ಉಂಡರು. ವಾರವೆಲ್ಲ ಮೈಮುರಿದು ದುಡಿದು, ಭಾನುವಾರ ಮನೆಮಂದಿಯೆಲ್ಲ ಕೂತು ಹೊಟ್ಟೆ ತುಂಬ ಉಣ್ಣುವುದು. ಹಬ್ಬದ ಊಟ ವಾರಕ್ಕೊಮ್ಮೆ ಬರತೊಡಗಿತು ಎಂದರೂ ಸರಿಯೇ.

ಹೋಟೆಲುಗಳು ಹುಟ್ಟಿದ್ದೂ ಇದೇ ಅಡುಗೆಮನೆಗಳಿಂದ. ಮೊದಲು ಬಂದವರು ಗಂಡಸರು, ಒಂಟಿಯಾಗಿ. ಸಂಸಾರಸ್ಥರ ಮನೆಯ ಒಂದು ಮೂಲೆಯಲ್ಲಿ ಮಲಗಿ, ಆ ಮನೆಯ ಹೆಂಗಸು ಬೇಯಿಸಿ ಹಾಕಿದ್ದನ್ನು ಉಂಡು, ವಾರಕ್ಕಿಷ್ಟು ಎಂದು ದುಡ್ಡು ಕೊಡುತ್ತಿದ್ದರು. ನಮ್ಮ ಹುಬ್ಬಳ್ಳಿ, ಧಾರವಾಡದ ಖಾನಾವಳಿಗಳನ್ನು ಬಲ್ಲವರಿಗೆ ಈ ಏರ್ಪಾಡು ಬಿಡಿಸಿ ಹೇಳಬೇಕಿಲ್ಲ. ಕೈರುಚಿಯ ಸುದ್ದಿ ಹಬ್ಬಿದ ಹಾಗೆ ಮನೆಯ ಮುಂದಿನ ಕೋಣೆಗೆ ನಾಲ್ಕು ಮೇಜು ಬಂದವು, ಬಾಗಿಲಿಗೆ ಬೋರ್ಡು ಬಂತು. ಬ್ರೂಕ್ಲಿನ್‌ನ ಬಮೋಂಟೆಸ್ 1900ರಿಂದ ಇದೆ. ಫಿಲಡೆಲ್ಫಿಯಾದ ರಾಲ್ಫ್ಸ್ ಕೂಡ ಅದೇ ವರ್ಷದ್ದು.

ಇನ್ನು ಆ ಗ್ರೇವಿ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಮೊದಲೇ ಒಲೆ ಹತ್ತುತ್ತದೆ. ದೊಡ್ಡ ಪಾತ್ರೆಯಲ್ಲಿ ಆಲಿವ್ ಎಣ್ಣೆ ಕಾಯಿಸಿ ಹಂದಿಯ ಪಕ್ಕೆಲುಬು, ಸಾಸೇಜು, ಒಳಗೆ ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು, ಚೀಸ್ ತುಂಬಿ ಸುರುಳಿ ಸುತ್ತಿ ದಾರ ಕಟ್ಟಿದ ಮಾಂಸದ ಪಟ್ಟಿಗಳು, ಇವನ್ನು ಒಂದೊಂದಾಗಿ ಕೆಂಪಗೆ ಹುರಿದು ತೆಗೆದಿಡುತ್ತಾರೆ. ಈ ಸುರುಳಿಗೆ ಬ್ರಾಚೋಲೆ ಎಂದು ಹೆಸರು. ತಳದಲ್ಲಿ ಕಂದಿ ಅಂಟಿಕೊಂಡಿರುವುದೇ ರುಚಿಯ ಬೇರು. ಅದನ್ನು ಯಾರೂ ತೊಳೆಯುವುದಿಲ್ಲ. ಅದೇ ಎಣ್ಣೆಗೆ ಈರುಳ್ಳಿ, ಬೆಳ್ಳುಳ್ಳಿ. ಆಮೇಲೆ ಗಟ್ಟಿ ಟೊಮೆಟೊ ಪೇಸ್ಟು. ಅದು ಬಣ್ಣ ತಿರುಗಿ ಇಟ್ಟಿಗೆ ಕೆಂಪಾಗುವವರೆಗೂ ಬಾಡಿಸಬೇಕು. ಡಬ್ಬಿಯ ಇಡೀ ಟೊಮೆಟೊಗಳನ್ನು ಕೈಯಲ್ಲೇ ಹಿಸುಕಿ ಹಾಕಿ, ಖಾಲಿ ಡಬ್ಬಿಗೆ ನೀರು ತುಂಬಿ ಕುಲುಕಿ ಅದನ್ನೂ ಸುರಿದು, ಹುರಿದಿಟ್ಟ ಮಾಂಸವನ್ನೆಲ್ಲ ಮತ್ತೆ ಒಳಗೆ ಬಿಡುತ್ತಾರೆ. ಉರಿ ಸಣ್ಣ. ಮುಚ್ಚಳ ಪೂರ್ತಿ ಮುಚ್ಚದೆ ಓರೆಯಾಗಿ ಇಡಬೇಕು. ಮೂರು ಗಂಟೆಯೋ ನಾಲ್ಕು ಗಂಟೆಯೋ ಅದು ತನ್ನ ಪಾಡಿಗೆ ತಾನು ಕೊತಕೊತ ಎನ್ನುತ್ತಿರುತ್ತದೆ. ಆಗಿದೆ ಎಂದು ತಿಳಿಯುವ ಗುರುತು ನಮ್ಮ ಅಡುಗೆಮನೆಯದೇ: ಮೇಲೆ ಎಣ್ಣೆ ಬಿಟ್ಟುಕೊಳ್ಳಬೇಕು.

ಉಂಡೆಗೂ ಒಂದು ಗುಟ್ಟಿದೆ. ದನ, ಹಂದಿ, ಕರು, ಮೂರು ಬಗೆಯ ಕೈಮಾ ಬೆರೆಸುವುದು ವಾಡಿಕೆ. ಅದಕ್ಕೆ ಮೊಟ್ಟೆ, ಕುರಿಹಾಲಿನ ಪೆಕೊರಿನೊ ಚೀಸ್, ಬೆಳ್ಳುಳ್ಳಿ, ಜೊತೆಗೆ ನೀರಿನಲ್ಲೋ ಹಾಲಿನಲ್ಲೋ ನೆನೆಸಿ ಹಿಂಡಿದ ಒಣಬ್ರೆಡ್ಡು. ಮಾಂಸ ಸಾಲದ ಕಾಲದಲ್ಲಿ ಉಂಡೆಯ ಲೆಕ್ಕ ಹೆಚ್ಚಿಸುತ್ತಿದ್ದುದು ಈ ಬ್ರೆಡ್ಡೇ. ಮಾಂಸ ಧಾರಾಳವಾದ ಮೇಲೂ ಅದನ್ನು ಬಿಡಲಿಲ್ಲ, ಯಾಕೆಂದರೆ ಉಂಡೆ ಗಟ್ಟಿಯಾಗದೆ ಹತ್ತಿಯಂತೆ ಮೆದುವಾಗಿ ಉಳಿಯುವುದು ಅದರಿಂದಲೇ. ಜಾನ್ಸ್‌ನಲ್ಲಿ ನಾನು ಫೋರ್ಕಿನ ಅಂಚು ಒತ್ತಿದೆನಷ್ಟೇ, ಉಂಡೆ ತಾನಾಗಿ ಬಿರಿದುಕೊಂಡಿತು.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನ್ನುವವರು ಸಿನಿಮಾ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 1974ರಲ್ಲಿ ತೆಗೆದ ‘ಇಟಾಲಿಯನ್‌ಅಮೆರಿಕನ್’ ಎಂಬ ಪುಟ್ಟ ಸಾಕ್ಷ್ಯಚಿತ್ರವನ್ನು ನೋಡಬೇಕು. ಅದರಲ್ಲಿರುವುದು ಅವರ ಅಪ್ಪ, ಅಮ್ಮ ಮತ್ತು ಅವರ ಮನೆ. ತಾಯಿ ಕ್ಯಾಥರಿನ್ ಮಗನ ಜೊತೆ ಮಾತಾಡುತ್ತಲೇ ಅಡುಗೆಮನೆಗೆ ಹೋಗಿ ಸಾಸ್ ನೋಡಿ ಬರುತ್ತಾರೆ. ಚಿತ್ರದ ಕೊನೆಗೆ ಹೆಸರುಗಳು ಬರುವಾಗ ಅವರ ಮಾಂಸದುಂಡೆಯ ಪಾಕವಿಧಾನವೂ ಬರುತ್ತದೆ. ತಾಯಿಯ ಕೈಗೆ ಮಗ ಸಲ್ಲಿಸಿದ ಇಂಥ ಮರ್ಯಾದೆಯನ್ನು ನಾನು ಬೇರೆ ಯಾವ ಸಿನಿಮಾದಲ್ಲೂ ಕಂಡಿಲ್ಲ.

ಆದರೆ ಈ ಅಡುಗೆಗೆ ಹೊರಗಿನವರಿಂದ ಮರ್ಯಾದೆ ಸುಲಭಕ್ಕೆ ಸಿಗಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ವಲಸಿಗರ ಕೇರಿಗೆ ಬರುತ್ತಿದ್ದ ಸಮಾಜಸೇವಕರು ಬೆಳ್ಳುಳ್ಳಿಯ ವಾಸನೆ ಹೀನ, ಎಲ್ಲವನ್ನೂ ಕಲಸಿ ಬೇಯಿಸಿದ್ದು ಜೀರ್ಣಕ್ಕೆ ಕಷ್ಟ, ಅಮೆರಿಕನ್ನರಂತೆ ಹಾಲು, ಆಲೂಗಡ್ಡೆ ತಿನ್ನಿ ಎಂದು ಬುದ್ಧಿ ಹೇಳುತ್ತಿದ್ದರು. ಬಾಗಿಲು ತೆರೆದದ್ದು ಪಾನನಿಷೇಧ. 1920ರಿಂದ 1933ರವರೆಗೆ ದೇಶದಲ್ಲಿ ಮದ್ಯ ಮಾರುವಂತಿರಲಿಲ್ಲ. ಇಟಾಲಿಯನ್ನರ ಮನೆಯಲ್ಲಿ ದ್ರಾಕ್ಷಿ ಹಿಂಡಿ ವೈನ್ ಮಾಡುವುದು ನಾವು ಉಪ್ಪಿನಕಾಯಿ ಹಾಕಿದಷ್ಟು ಸಹಜ. ಮನೆಬಳಕೆಯ ಹಣ್ಣಿನ ರಸಕ್ಕೆ ಕಾನೂನಿನಲ್ಲೂ ಸಂದು ಇತ್ತು. ಕಾಫಿ ಕಪ್ಪಿನಲ್ಲಿ ಗುಟ್ಟಾಗಿ ಕೆಂಪು ವೈನ್ ಸಿಗುತ್ತದೆಂದು ಹೊರಗಿನವರು ಈ ಚಿಕ್ಕ ಹೋಟೆಲುಗಳಿಗೆ ಬಂದರು. ಜಾನ್ಸ್ ಕೂಡ ಅಂಥ ಅಡ್ಡೆಗಳಲ್ಲಿ ಒಂದು. ಬಂದವರು ವೈನಿನ ಜೊತೆ ಸ್ಪಗೆಟಿ ತಿಂದರು, ತಿಂದವರು ಮತ್ತೆ ಬಂದರು. ಕೆಂಪು ಬಿಳಿ ಚೌಕುಳಿ ಮೇಜುಬಟ್ಟೆ, ಹುಲ್ಲಿನ ಹೆಣಿಗೆ ಸುತ್ತಿದ ಕಿಯಾಂತಿ ವೈನ್ ಸೀಸೆಯ ಬಾಯಿಗೆ ಸಿಕ್ಕಿಸಿದ ಮೇಣದಬತ್ತಿ ಈ ಊಟದ ಗುರುತಾದವು. 1955ರ ಡಿಸ್ನಿ ಚಿತ್ರ ‘ಲೇಡಿ ಅಂಡ್ ದಿ ಟ್ರ್ಯಾಂಪ್’ನಲ್ಲಿ ಎರಡು ನಾಯಿಗಳು ಒಂದೇ ಸ್ಪಗೆಟಿ ಎಳೆ ಹಿಡಿಯುವುದು ಇಂಥದೇ ಮೇಜಿನ ಮುಂದೆ.

ಸಸ್ಯಾಹಾರಿ ಗೆಳತಿಯ ತಟ್ಟೆಯ ಮಾತು ಹೇಳಲೇಬೇಕು, ಏಕೆಂದರೆ ನಮ್ಮ ಓದುಗರಲ್ಲಿ ಅರ್ಧ ಜನರ ಪ್ರಶ್ನೆ ಅದೇ. ಇಟಲಿಯ ದಕ್ಷಿಣದಲ್ಲಿ ಬದನೆಕಾಯಿಯ ಬಿಲ್ಲೆ ಕರಿದು, ಸಾಸ್ ಮತ್ತು ಚೀಸ್ ಜೊತೆ ಪದರ ಪದರವಾಗಿ ಜೋಡಿಸಿ ಬೇಯಿಸುವ ‘ಪಾರ್ಮಿಜಾನಾ’ ಇದೆ. ಅಮೆರಿಕದಲ್ಲಿ ಕೈಯಲ್ಲಿ ಕಾಸಾಡಿದಾಗ ಬದನೆಕಾಯಿಯ ಜಾಗಕ್ಕೆ ಕರುವಿನ ಮಾಂಸ, ಕೋಳಿ ಬಂದವು. ಇವತ್ತು ಅಮೆರಿಕದ ಮೂಲೆಮೂಲೆಯಲ್ಲಿ ಸಿಗುವ ‘ಚಿಕನ್ ಪಾರ್ಮ್’ ಹುಟ್ಟಿದ್ದು ಹೀಗೆ. ಮೂಲದ ಬದನೆಕಾಯಿಯೂ ಮೆನುವಿನಲ್ಲಿ ಉಳಿದುಕೊಂಡಿದೆ. ಆದರೆ ಅಪ್ಪಟ ಪಾರ್ಮಿಜಾನೊ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಸೀಸರ್ ಸಲಾಡಿನ ಗೊಜ್ಜಿನಲ್ಲಿ ಸಾಮಾನ್ಯವಾಗಿ ಸಣ್ಣ ಮೀನು ಇರುತ್ತದೆ. ಮಿನೆಸ್ಟ್ರೋನಿ ಸೂಪಿಗೆ ಮಾಂಸದ ಕಟ್ಟು ಹಾಕಿರಬಹುದು. ಕೇಳಿ ತಿನ್ನುವುದು ಒಳ್ಳೆಯದು. ಬೆಳ್ಳುಳ್ಳಿ, ಎಣ್ಣೆ, ಟೊಮೆಟೊ ಇಷ್ಟರಿಂದಲೇ ಅರ್ಧ ಗಂಟೆಯೊಳಗೆ ಆಗುವ ಮರಿನಾರಾ ಸಾಸ್ ಸಾಮಾನ್ಯವಾಗಿ ನಿಶ್ಚಿಂತೆಯದು. ಜಾನ್ಸ್‌ನಲ್ಲಿ ಹಾಲು, ಮೊಟ್ಟೆ ಕೂಡ ಮುಟ್ಟದ ಅಡುಗೆಗೇ ಪ್ರತ್ಯೇಕ ಮೆನು ಇದೆ. ನೂರು ವರ್ಷ ದಾಟಿದ ಅಡುಗೆಮನೆ ಹೀಗೆ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೂ ಜಾಗ ಮಾಡಿಕೊಟ್ಟದ್ದು ನನಗೆ ಬಹಳ ಹಿಡಿಸಿತು.

ಪಕ್ಕದ ಮೇಜಿನ ಮುದುಕರು ಮಾತಾಡುತ್ತಿದ್ದುದಕ್ಕೂ ನನ್ನ ಕಿವಿ ಹೋಯಿತು. ಈ ಜನ ಮೊಝರೆಲ್ಲಾವನ್ನು ‘ಮುಟ್ಸಡೆಲ್’ ಅನ್ನುತ್ತಾರೆ, ರಿಕೊಟ್ಟಾವನ್ನು ‘ರಿಗೋಟ್’, ಕಪಿಕೋಲಾ ಎಂಬ ಮಾಂಸವನ್ನು ‘ಗಬಗೂಲ್’. ನಾವು ಬಸ್ಸು, ಕಾರು, ಬ್ರೆಡ್ಡು ಎಂದು ಕೊನೆಗೆ ಸ್ವರ ಸೇರಿಸುವವರು. ಅವರು ಕೊನೆಯ ಸ್ವರ ನುಂಗುವವರು. ಇದು ಕೆಟ್ಟ ಉಚ್ಚಾರಣೆಯಲ್ಲ. ಇಟಲಿ ಒಂದು ದೇಶವಾದದ್ದೇ 1861ರಲ್ಲಿ. ಇವರ ಮುತ್ತಜ್ಜಂದಿರು ಶಾಲೆಯ ಇಟಾಲಿಯನ್ ಕಲಿಯುವ ಮೊದಲೇ ಹಡಗು ಹತ್ತಿದವರು, ಜೊತೆಗೆ ತಂದದ್ದು ನೇಪಲ್ಸ್, ಸಿಸಿಲಿ ಕಡೆಯ ಆಡುಮಾತು. ಮೊಮ್ಮಕ್ಕಳಿಗೆ ಆ ಭಾಷೆ ಬಾರದು. ಅಡುಗೆಯ ಹೆಸರುಗಳಲ್ಲಿ ಮಾತ್ರ ಅದು ಇನ್ನೂ ಉಸಿರಾಡುತ್ತಿದೆ.

1970ರ ದಶಕದಲ್ಲಿ ಗಾಳಿ ಬದಲಾಯಿತು. ಇಟಲಿಗೆ ಹೋಗಿ ಬಂದವರು ಹೆಚ್ಚಾದರು. 1973ರಲ್ಲಿ ಮಾರ್ಚೆಲ್ಲಾ ಹಝಾನ್ ಅವರ ಅಡುಗೆ ಪುಸ್ತಕ ಬಂದು ಅಮೆರಿಕನ್ನರಿಗೆ ಇಟಲಿಯೊಳಗಿನ ಅಡುಗೆಯ ಪರಿಚಯ ಮಾಡಿಸಿತು. ‘ಉತ್ತರ ಇಟಲಿಯ ಊಟ’ ಎಂಬ ಬೋರ್ಡಿಗೆ ಬೆಲೆ ಬಂತು. ‘ರೆಡ್ ಸಾಸ್’ ಎಂಬುದು ಬೈಗುಳದಂತಾಯಿತು. ಆದರೂ ಪೂರ್ವ ಹಾರ್ಲೆಮ್‌ನ 114ನೇ ಬೀದಿಯಲ್ಲಿ 1896ರಿಂದ ಇರುವ ‘ರಾವೋಸ್’ಗೆ 1977ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕಿ ಮಿಮಿ ಶೆರಟನ್ ಮೂರು ನಕ್ಷತ್ರ ಕೊಟ್ಟರು. ಅಲ್ಲಿರುವುದು ಹತ್ತೇ ಮೇಜು. ಜನ ಮುಗಿಬಿದ್ದರು. ಹಳೆಯ ಗಿರಾಕಿಗಳ ಜಾಗ ಹೋಗಬಾರದೆಂದು ಯಾವ ರಾತ್ರಿ ಯಾವ ಮೇಜು ಯಾರದು ಎಂದು ಗೊತ್ತುಮಾಡಿಬಿಟ್ಟರು. ಬಂದವರಿಗೆಲ್ಲ ‘ಇಲ್ಲ’ ಎಂದು ಹೇಳಿ ಹೇಳಿ ಮಾಲೀಕ ಫ್ರಾಂಕ್ ಪೆಲ್ಲೆಗ್ರಿನೊ ಅವರಿಗೆ ‘ಫ್ರ್ಯಾಂಕಿ ನೋ’ ಎಂಬ ಅಡ್ಡಹೆಸರೇ ಬಿತ್ತು. 1992ರಿಂದ ಆ ಮನೆಯ ಸಾಸ್ ಸೀಸೆಯಲ್ಲಿ ಸಿಗುತ್ತಿದೆ, ಆ ಬ್ರ್ಯಾಂಡ್ ಹೊಂದಿದ್ದ ಕಂಪನಿಯನ್ನು 2024ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿ ಸುಮಾರು 270 ಕೋಟಿ ಡಾಲರಿಗೆ ಕೊಂಡಿತು. ಇತ್ತ 2013ರಲ್ಲಿ ಶುರುವಾದ ‘ಕಾರ್ಬೋನ್’ ಹೋಟೆಲು ಇದೇ ಹಳೆಯ ಮೆನುವನ್ನು ಸಿರಿವಂತರ ಊಟವಾಗಿಸಿದೆ.

ನನ್ನ ಒಲವು ಕೇರಿಯ ಹೋಟೆಲಿನ ಕಡೆಗೇ. ಅವು ಒಂದೊಂದಾಗಿ ಮುಚ್ಚುತ್ತಿವೆ. ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ, ಇಟಾಲಿಯನ್ ಕೇರಿಗಳು ಕರಗಿವೆ. ನ್ಯೂಯಾರ್ಕ್‌ನ ಹೋಟೆಲ್ ಅಡುಗೆಮನೆಗಳಲ್ಲಿ ಈಗ ಮೆಕ್ಸಿಕೊ, ಈಕ್ವೆಡಾರ್‌ಗಳಿಂದ ಬಂದವರೇ ದಂಡಿಯಾಗಿದ್ದಾರೆ. ಟೊಮೆಟೊ ಎಂಬ ಹೆಸರು ಬಂದದ್ದು ಮೆಕ್ಸಿಕೊದ ನಾವಾಟಲ್ ಭಾಷೆಯಿಂದ. ಸ್ಪೇನಿನವರು ಅದನ್ನು ಯೂರೋಪಿಗೆ ಒಯ್ದರು, ನೇಪಲ್ಸ್ ಅದನ್ನು ಸಾಸ್ ಮಾಡಿತು, ಬಡವರು ಆ ಸಾಸನ್ನು ಮತ್ತೆ ಅಟ್ಲಾಂಟಿಕ್ ದಾಟಿಸಿದರು. ಈಗ ಆ ಹಣ್ಣಿನ ತವರಿನವರೇ ಅದನ್ನು ಕಲಕುತ್ತಿದ್ದಾರೆ, ತಮ್ಮ ಮನೆಗೆ ದುಡ್ಡು ಕಳಿಸುವ ಸಲುವಾಗಿ.

ತಟ್ಟೆಯಲ್ಲಿ ಉಳಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿನ್ನುವುದಕ್ಕೆ ಇಟಾಲಿಯನ್ನರು ‘ಸ್ಕಾರ್ಪೆತ್ತಾ’ ಅನ್ನುತ್ತಾರೆ, ಪುಟ್ಟ ಬೂಟು ಎಂದರ್ಥ. ನಾನು ಒರೆಸುವುದನ್ನು ನೋಡಿ ಗೆಳತಿ, “ಒಗ್ಗರಣೆ ಬಾಣಲೆಗೆ ಅನ್ನ ಹಾಕಿ ಕಲಸಿ ಕೊಡ್ತಿದ್ರಲ್ಲ ಅಮ್ಮ, ಹಾಗೆ” ಎಂದಳು. ನನ್ನ ತಟ್ಟೆಯಲ್ಲಿ ಇನ್ನೂ ಒಂದು ಉಂಡೆ ಉಳಿದಿತ್ತು. ಬಡಿಸಿದವನು ಕೇಳದೆಯೇ ಅದನ್ನು ಒಳಗೆ ಒಯ್ದು ಅಲ್ಯೂಮಿನಿಯಂ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟ. ಮನೆಗೆ ಬಂದು ಮುಚ್ಚಳ ತೆಗೆದರೆ ಉಂಡೆ ಎರಡಿದ್ದವು, ಮೇಲೆ ಒಂದು ಸೌಟು ಸಾಸ್ ಹೆಚ್ಚಿಗೆ.