ಬಿಲ್ಲಿನ ಹಿಂದಿನ ಲೆಕ್ಕ ಓದುವವರು

ಕರೆಂಟ್ ಬಿಲ್ ಏರಿದಾಗ ನಾವು ಸರ್ಕಾರವನ್ನು ಬೈದು ಸುಮ್ಮನಾಗುತ್ತೇವೆ. ದರ ನಿಗದಿಯಾಗುವ ಜಾಗ ಬೇರೆಯೇ ಇದೆ. ವಿದ್ಯುತ್ ವಿತರಿಸುವ ಕಂಪನಿ ತನ್ನ ಖರ್ಚುವೆಚ್ಚದ ಅರ್ಜಿ ಹಿಡಿದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ನಿಲ್ಲಬೇಕು, ಆಯೋಗ ಜನರ ಆಕ್ಷೇಪಣೆ ಕೇಳಿ 120 ದಿನಗಳಲ್ಲಿ ಆದೇಶ ಕೊಡಬೇಕು. 2003ರ ವಿದ್ಯುತ್ ಕಾಯ್ದೆಯ ಮಾತಿದು. ಆದರೆ ಕೋಷ್ಟಕಗಳೇ ತುಂಬಿದ ಆ ದಪ್ಪ ಅರ್ಜಿಯನ್ನು ಕೂತು ಓದುವವರು ಯಾರು?

ಪುಣೆಯಲ್ಲಿ ಇದ್ದಾರೆ. ಸಂಸ್ಥೆಯ ಹೆಸರು ‘ಪ್ರಯಾಸ್’. ಹಿಂದಿಯಲ್ಲಿ ಪ್ರಯತ್ನ, ಕನ್ನಡದಲ್ಲಿ ಪಡಿಪಾಟಲು. ಮಾಡುವ ಕೆಲಸ ನೋಡಿದರೆ ಕನ್ನಡದ ಅರ್ಥವೇ ಹೆಚ್ಚು ಒಪ್ಪುತ್ತದೆ. 1994ರಲ್ಲಿ ನೋಂದಣಿಯಾದ ಈ ಸಂಸ್ಥೆಯ ಇಂಧನ ಗುಂಪನ್ನು ಕಟ್ಟಿದವರು ಗಿರೀಶ್ ಸಂತ್, ಶಂತನು ದೀಕ್ಷಿತ್ ಮತ್ತು ಗೆಳೆಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ರೆಡ್ಡಿ, ಕರ್ನಾಟಕಕ್ಕೆ ಇಷ್ಟೊಂದು ಹೊಸ ವಿದ್ಯುತ್ ಸ್ಥಾವರ ಬೇಕೇ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಸಂತ್ ಮತ್ತು ದೀಕ್ಷಿತ್ ಮಹಾರಾಷ್ಟ್ರಕ್ಕೆ ಮಾಡಿದ್ದೂ ಅದೇ ಜಾತಿಯ ಲೆಕ್ಕ.

ಗುಂಪಿಗೆ ಹೆಸರು ತಂದದ್ದು ಅಮೆರಿಕದ ಎನ್ರಾನ್ ಕಂಪನಿಯ ಪ್ರಕರಣ. ಅದರ ದಾಭೋಳ್ ಸ್ಥಾವರದಿಂದ ವಿದ್ಯುತ್ ಕೊಳ್ಳಲು ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ 1993ರಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ ಬೆಲೆ ಡಾಲರಿಗೆ ಗಂಟುಬಿದ್ದಿತ್ತು. ವಿದ್ಯುತ್ ಬಳಸಲಿ ಬಿಡಲಿ, ಮಂಡಳಿ ದೊಡ್ಡ ಮೊತ್ತ ಕಟ್ಟಲೇಬೇಕಿತ್ತು. ಈ ಒಪ್ಪಂದ ಮಂಡಳಿಯನ್ನು ಮುಳುಗಿಸುತ್ತದೆ ಎಂದು ಈ ಗುಂಪು ಅಂಕಿಅಂಶ ಇಟ್ಟು ಹೇಳಿತು. ಅದನ್ನು ಕೇಳಿಸಿಕೊಳ್ಳಬೇಕಾದ ಆಯೋಗವೇ ಆಗ ಇರಲಿಲ್ಲ. 2001ರಲ್ಲಿ ಮಂಡಳಿ ದಾಭೋಳ್ ವಿದ್ಯುತ್ ಕೊಳ್ಳುವುದನ್ನು ನಿಲ್ಲಿಸಿತು. ವರ್ಷದ ಕೊನೆಗೆ ಎನ್ರಾನ್ ಕಂಪನಿಯೇ ದಿವಾಳಿ ಎದ್ದಿತು.

ಅಷ್ಟರಲ್ಲಿ, 1999ರಲ್ಲಿ, ಮಹಾರಾಷ್ಟ್ರಕ್ಕೆ ಆಯೋಗ ಬಂದಿತ್ತು. ಕರ್ನಾಟಕಕ್ಕೂ ಅದೇ ವರ್ಷ. ಮುಂಬೈ ಗ್ರಾಹಕ ಪಂಚಾಯತ್‌ನಂಥ ಸಂಘಟನೆಗಳ ಜೊತೆ ಪ್ರಯಾಸ್ ಕೂಡ ಆಯೋಗ ಮಾನ್ಯ ಮಾಡಿದ ಗ್ರಾಹಕ ಪ್ರತಿನಿಧಿಯಾಯಿತು.

ಆಯೋಗದ ಮುಂದೆ ಹೊರಬಿದ್ದ ಸಂಗತಿಗಳಲ್ಲಿ ನನಗೆ ದೊಡ್ಡದೆನಿಸುವುದು ಪಂಪ್‌ಸೆಟ್ಟಿನ ಕಥೆ. ಹೊಲದ ಬಹುಪಾಲು ಪಂಪುಗಳಿಗೆ ಮೀಟರ್ ಇರಲಿಲ್ಲ. ಹಾಗಾಗಿ ರೈತ ಎಷ್ಟು ಬಳಸಿದ ಎಂಬುದು ಮಂಡಳಿಯ ಅಂದಾಜಾಗಿತ್ತು. ಕಳವಾದದ್ದು, ತಂತಿಯಲ್ಲಿ ಸೋರಿದ್ದು ಎಲ್ಲವನ್ನೂ ಆ ಅಂದಾಜಿನೊಳಗೆ ತುರುಕಿದರೆ ನಷ್ಟ ಚಿಕ್ಕದಾಗಿ ಕಾಣುತ್ತದೆ, ರೈತ ದೊಡ್ಡ ಭಕ್ಷಕನಾಗಿ ಕಾಣುತ್ತಾನೆ. ತೊಂಬತ್ತರ ದಶಕದಲ್ಲಿ ಶೇ 20ರೊಳಗೇ ಇದೆ ಎಂದು ಮಂಡಳಿ ಹೇಳುತ್ತಿದ್ದ ನಷ್ಟ, ಆಯೋಗದ ಮುಂದೆ ಲೆಕ್ಕ ಬಿಚ್ಚಿದಾಗ ಶೇ 30 ದಾಟಿತು. ಸಬ್ಸಿಡಿ ತಿಂದ ಎಂಬ ಅಪವಾದವನ್ನು ರೈತ ಅಷ್ಟು ವರ್ಷ ಹೊತ್ತಿದ್ದ. ಮೀಟರಿಲ್ಲದ ಪಂಪ್‌ಸೆಟ್ಟುಗಳ ಬಳಕೆ ಎಷ್ಟು ಎಂಬ ಚೌಕಾಸಿ ನಮ್ಮ ಆಯೋಗದ ದರ ಆದೇಶಗಳಲ್ಲೂ ಇದೆ, ಓದಿ ನೋಡಬಹುದು.

ಗಿರೀಶ್ ಸಂತ್ 2012ರಲ್ಲಿ ತೀರಿಕೊಂಡರು, ಇನ್ನೂ ಐವತ್ತು ತುಂಬಿರಲಿಲ್ಲ. ಗುಂಪಿನ ಕೆಲಸ ನಿಲ್ಲಲಿಲ್ಲ. ಈ ಗುಂಪಿನದೊಂದು ಪುಟ್ಟ ಪೆಟ್ಟಿಗೆ ಇದೆ. ಮನೆಯ ಮಾಮೂಲಿ ಸಾಕೆಟ್ಟಿಗೆ ಸಿಕ್ಕಿಸಿದರೆ ನಿಮಿಷ ನಿಮಿಷದ ವೋಲ್ಟೇಜ್ ಬರೆದುಕೊಂಡು ಮೊಬೈಲ್ ಜಾಲದ ಮೂಲಕ ಸಂಸ್ಥೆಗೆ ಕಳಿಸುತ್ತದೆ. ಹಲವು ರಾಜ್ಯಗಳ ಮನೆ, ಹಳ್ಳಿಗಳಲ್ಲಿ ಇಂಥವನ್ನು ಕೂರಿಸಿದ್ದರು. ಕರೆಂಟ್ ಹೋದೊಡನೆ ನಾವು ಪಕ್ಕದ ಮನೆಯಲ್ಲಿ ದೀಪ ಇದೆಯಾ ಎಂದು ಇಣುಕುತ್ತೇವೆ. ಪೆಟ್ಟಿಗೆ ಗಂಟೆ, ನಿಮಿಷ ಬರೆದಿಟ್ಟುಕೊಳ್ಳುತ್ತದೆ.