ಮನೆಯ ಲೆಕ್ಕವೇ ಮೊದಲ ಪಾಠ

ಗಣಕಯಂತ್ರವನ್ನು ಕಲಿಯಲು ತರಬೇತಿ ಕೇಂದ್ರಕ್ಕೇ ಹೋಗಬೇಕೆಂದಿಲ್ಲ. ಮನೆಯ ಖರ್ಚಿನ ಪಟ್ಟಿಯೇ ಉತ್ತಮ ಪಾಠ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಹಾಗೂ ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಮನೆಯ ಗಣಕಕ್ಕೆ ಲೆಕ್ಕದ ಹಾಳೆಯನ್ನು ತಂದಿತು. ಒಂದು ಅಂಕಿಯನ್ನು ತಿದ್ದಿದರೆ ಮೊತ್ತವೂ ತಾನಾಗಿಯೇ ಬದಲಾಗುವುದು ಅದರ ಹಿರಿಮೆ. ಇಂದಿನ ಎಕ್ಸೆಲ್ ಮತ್ತು ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಕ್ಯಾಲ್ಕ್‌ಗಳದೂ ಅದೇ ತತ್ತ್ವ.

ಮೊದಲ ಅಂಕಣದಲ್ಲಿ ಅಕ್ಕಿ, ಹಾಲು, ಶಾಲೆಯ ಶುಲ್ಕ ಎಂದು ಬರೆಯಿರಿ, ಎರಡನೆಯದರಲ್ಲಿ ಹಣ, ಅದರ ಕೆಳಗೆ ಸಂಕಲನದ ಸೂತ್ರ. ಆದರೆ ಎಚ್ಚರ! ‘500 ರೂಪಾಯಿ’ ಎಂದು ಅಕ್ಷರ ಬೆರೆಸಿದರೆ ಯಂತ್ರವು ಅದನ್ನು ಪದವೆಂದು ಬಗೆದು, ಏನನ್ನೂ ತಿಳಿಸದೆ ಮೊತ್ತದಿಂದ ಬಿಟ್ಟುಬಿಡುತ್ತದೆ. ಉಳಿತಾಯವಾಯಿತೆಂಬ ಭ್ರಮೆಯಲ್ಲಿ ಸಾಲಕ್ಕೆ ಸಿಲುಕಬೇಕಾದೀತು. ಬರಿಯ 500 ಎಂದೇ ಬರೆದು, ಮೊದಲ ತಿಂಗಳು ಕೈಲೆಕ್ಕದೊಡನೆ ತಾಳೆ ನೋಡಿರಿ. ಕೂಡುವುದು ಯಂತ್ರದ ಕೆಲಸ. ಪರಾಂಬರಿಸುವುದು ಮನೆಯವರ ಹೊಣೆ.